ಬಾಗದ ಮರ

ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ಹಿತ್ತಿಲಿನ ಒಂದು ತೆಂಗಿನ ಮರದ ವಿಷಯವಾಗಿ ಮನೆಯಲ್ಲಿ ಮಾತುಕತೆ ನಿಂತಿತ್ತು. ನಮ್ಮೂರು ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಈ ಸೀಮೆಯಲ್ಲಿ ಫಲ ಕೊಡುತ್ತಿರುವ ತೆಂಗಿಗೆ ಕೊಡಲಿ ಹಾಕುವ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಅದರಲ್ಲೂ ಇದು ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಆದರೆ ಮರ ವರ್ಷ ವರ್ಷಕ್ಕೂ ಕೊಬ್ಬರಿ ಅಟ್ಟವಿರುವ ಕೋಣೆಯ ಕಡೆಗೇ ವಾಲುತ್ತಿತ್ತು. ಅಟ್ಟದ ಮೇಲೆ ಒಣಗುತ್ತಿರುವ ವರ್ಷದ ಕಾಯಿ, ಕೆಳಗೆ ಅಜ್ಜಿಯ ಮಂಚ. ಅಪ್ಪನಿಗೆ ಮರ ತೆಗೆಸಬೇಕು, ಅಜ್ಜಿಗೆ ಬೇಡ.

"ಏನವ್ವಾ, ಓದಿ ಓದಿ ಮೂವತ್ತಾಗ್ತಾ ಬಂತು. ಈ ಮರ ಗಾಳಿಗೆ ಎಷ್ಟು ಬಾಗ್ತೈತೆ, ಬೀಳ್ತೈತೋ ಇಲ್ಲೋ, ನಿನ್ ಕಂಪ್ಯೂಟ್ರು ಹೇಳಾಕಿಲ್ವಾ?" ಎಂದು ಅಪ್ಪ ಕೇಳಿದರು.

ಹೇಳುತ್ತದೆ ಎಂದೆ. ನನ್ನ ಸಂಶೋಧನೆಯೇ ಕಟ್ಟಡ, ಗೋಪುರ, ಯಂತ್ರಗಳು ಭಾರ ಬಿದ್ದಾಗ ಹೇಗೆ ಬಾಗುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನಗಳ ಬಗ್ಗೆ. ಈ ಕೆಲಸ ಮಾಡುವ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಸಮೀಕರಣಗಳನ್ನು ಬಿಡಿಸುವ ಭಾಗಕ್ಕೆ ಸಾಲ್ವರ್ ಎನ್ನುತ್ತಾರೆ. ಸಾಲ್ವರ್ ಮುನಿಸಿಕೊಂಡಾಗ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡುತ್ತವೆ. ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳ ಯೌವನದ ಬಹುಪಾಲು ಆ ಕೆಂಪು ಅಕ್ಷರಗಳ ಮುಂದೆ ಕಳೆಯುತ್ತದೆ. ಊರಿನಲ್ಲಿ ನನ್ನ ಬಳಿ ದೊಡ್ಡ ಸಾಫ್ಟ್‌ವೇರ್ ಇರಲಿಲ್ಲ. ಜಗಲಿಯಲ್ಲಿ ಕುಳಿತು ನಾನೇ ಒಂದು ಚಿಕ್ಕ ಪ್ರೋಗ್ರಾಮು ಬರೆದೆ. ಮರದ ಎತ್ತರ ಕಣ್ಣಳತೆಯಲ್ಲಿ 65 ಅಡಿ, ದಪ್ಪ ಒಂದು ಅಡಿ. ಅದನ್ನು ಉದ್ದಕ್ಕೆ 10 ತುಂಡು ಮಾಡಿ, ತುದಿಗೆ ಗಾಳಿಯ ನೂಕು ಕೊಟ್ಟು, ಬಿಡಿಸು ಎಂದೆ.

ಮೊದಲ ಉತ್ತರವೇ ಕೆಂಪು: ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಿದೆ.

ಇದು ಈ ವಿದ್ಯೆಯ ಅತ್ಯಂತ ಹಳೆಯ ದೂರು. ಹತ್ತಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಲು ಗೌಸ್‌ನ ಹೆಸರಿನಲ್ಲಿ ನಾವು ಕಲಿಯುವ ದಾರಿ ಸರಳವಾದದ್ದು. ಮೊದಲ ಸಮೀಕರಣ ಬಳಸಿ ಉಳಿದವುಗಳಿಂದ ಒಂದು ಅಜ್ಞಾತವನ್ನು ತೆಗೆದುಹಾಕು, ಎರಡನೆಯದನ್ನು ಬಳಸಿ ಇನ್ನೊಂದನ್ನು ತೆಗೆ. ಕೊನೆಗೆ ಒಂದೇ ಉಳಿಯುತ್ತದೆ, ಅಲ್ಲಿಂದ ಹಿಂದಕ್ಕೆ ಬಾ. ಪ್ರತಿ ಹೆಜ್ಜೆಯಲ್ಲೂ ಒಂದು ಸಂಖ್ಯೆಯಿಂದ ಭಾಗಿಸಬೇಕು. ಆ ಸಂಖ್ಯೆ ಸೊನ್ನೆಯಾದರೆ ಲೆಕ್ಕ ಅಲ್ಲಿಗೇ ನಿಂತಿತು. ಸೊನ್ನೆ ಬರುವುದಕ್ಕೆ ಸಾಮಾನ್ಯ ಕಾರಣ ಕಟ್ಟಿದ ರಚನೆಯನ್ನು ಎಲ್ಲಿಯೂ ಹಿಡಿದಿಟ್ಟಿಲ್ಲದಿರುವುದು. ನಾನು ಮಾಡಿದ್ದೂ ಅದೇ. ಮರವನ್ನು ನೆಲಕ್ಕೆ ಊರುವುದನ್ನೇ ಮರೆತಿದ್ದೆ. ಬುಡವಿಲ್ಲದ ಮರವನ್ನು ನೂಕಿದರೆ ಅದು ಎಷ್ಟು ಸರಿಯುತ್ತದೆ ಎಂಬ ಪ್ರಶ್ನೆಗೆ ಯಾವ ಉತ್ತರವೂ ಆಗಬಹುದು, ಆದ್ದರಿಂದ ಸಾಲ್ವರ್ ಯಾವುದನ್ನೂ ಕೊಡುವುದಿಲ್ಲ. ಒಂದು ಸಾಲು ಸೇರಿಸಿದೆ: ಬುಡ ಸ್ಥಿರ. ಕೆಂಪು ಅಕ್ಷರ ಹೋಯಿತು. ಆ ಸಾಲಿಗೆ ಮತ್ತೆ ಬರುತ್ತೇನೆ.

ಕಂಪ್ಯೂಟರ್ ಎಂಬ ಪದ ಮನುಷ್ಯರನ್ನು ಸೂಚಿಸುತ್ತಿದ್ದ ಕಾಲದಲ್ಲೂ ಸಾಲ್ವರ್ ದೋಷಗಳಿದ್ದವು, ಅವುಗಳಿಗೆ ಸಂಬಳ ಕಡಿತದ ಶಿಕ್ಷೆಯೂ ಇತ್ತು. 1910ರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಕಲ್ಲಿನ ಅಣೆಕಟ್ಟೆಯೊಳಗೆ ಒತ್ತಡ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಚೌಕುಳಿ ಹಾಕಿ, ಚೌಕುಳಿಯ ಒಂದೊಂದು ಬಿಂದುವಿಗೂ ಕೂಡಿಸಿ ಕಳೆದು ಲೆಕ್ಕ ಹಾಕಿದ ಪ್ರಬಂಧ ಪ್ರಕಟಿಸಿದ. ಈ ಕೂಡು ಕಳೆಯುವ ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿದ್ದ. ಬಿಂದುವೊಂದಕ್ಕೆ ಇಷ್ಟು, ಅಂಕಿಗಳು ಹೆಚ್ಚಿದ್ದರೆ ಕೂಲಿಯೂ ಹೆಚ್ಚು. ಮೂರಂಕಿಯ ಲೆಕ್ಕಗಳಲ್ಲಿ ಚುರುಕಾದ ಹುಡುಗನೊಬ್ಬ ವಾರಕ್ಕೆ 2,000 ಲೆಕ್ಕ ಮುಗಿಸುತ್ತಿದ್ದನಂತೆ. ತಪ್ಪಾದವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಮ್ಮಲ್ಲಿ ಕಾಯಿ ಸುಲಿಯುವವರಿಗೆ ಸಾವಿರಕ್ಕೆ ಇಷ್ಟು ಎಂದು ಕೊಡುವ ಕ್ರಮಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದರ ಮರುವರ್ಷ, 1911ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಾಲದ ಎಂಜಿನಿಯರುಗಳಿಗೆ ಅಣೆಕಟ್ಟೆಯೆಂದರೆ ಕಾಗದ, ಪೆನ್ಸಿಲು, ಸ್ಲೈಡ್ ರೂಲ್ ಮತ್ತು ಧಾರಾಳವಾಗಿ ಸೇರಿಸಿದ ದಪ್ಪ.

ಅದೇ ರಿಚರ್ಡ್‌ಸನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ದಳದಲ್ಲಿದ್ದುಕೊಂಡೇ ಹವಾಮಾನವನ್ನು ಲೆಕ್ಕದಿಂದ ಮುಂಗಾಣಲು ಹೊರಟ. 1910ರ ಮೇ 20ರ ಹಳೆಯ ದಾಖಲೆಯನ್ನಿಟ್ಟುಕೊಂಡು ಆರು ಗಂಟೆಯಲ್ಲಿ ಗಾಳಿಯ ಒತ್ತಡ ಎಷ್ಟು ಬದಲಾಗಬೇಕೆಂದು ಬಿಡಿಸಿದ. ಬಂದ ಉತ್ತರ 145 ಮಿಲಿಬಾರ್. ಭೂಮಿಯ ಮೇಲಿನ ಭಯಂಕರ ಚಂಡಮಾರುತದಲ್ಲೂ ಅಷ್ಟು ಬೇಗ ಅಷ್ಟು ಬದಲಾಗುವುದಿಲ್ಲ. ಅಂದು ವಾಸ್ತವವಾಗಿ ಒತ್ತಡ ಹೆಚ್ಚುಕಡಿಮೆ ಕದಲದೇ ಇತ್ತು. ನನಗೆ ಅವನ ಮೇಲೆ ಗೌರವ ಬಂದದ್ದು, 1922ರ ತನ್ನ ಪುಸ್ತಕದಲ್ಲಿ ಆತ ಈ ಎಡವಟ್ಟನ್ನು ಮುಚ್ಚಿಡದೆ ಪೂರ್ತಿ ಅಚ್ಚು ಹಾಕಿಸಿದ್ದರಿಂದ. ಅವನ ಕೂಡು ಕಳೆಯುವುದರಲ್ಲಿ ಅಂಥ ತಪ್ಪಿರಲಿಲ್ಲ. ಕೊಟ್ಟ ಆರಂಭದ ಅಂಕಿಗಳಲ್ಲಿದ್ದ ಸಣ್ಣ ಅಸಮತೋಲವನ್ನು ಸಮೀಕರಣಗಳು ದೊಡ್ಡ ಅಲೆಯಾಗಿ ಊದಿಬಿಟ್ಟಿದ್ದವು ಎಂದು ದಶಕಗಳ ನಂತರ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿದ ಪೀಟರ್ ಲಿಂಚ್ ತೋರಿಸಿದರು. ಪ್ರಬಂಧಗಳಲ್ಲಿ ನಾವು ಗೆದ್ದ ಲೆಕ್ಕಗಳನ್ನಷ್ಟೇ ಬರೆಯುತ್ತೇವೆ. ಸೋತ ಲೆಕ್ಕ ಅಚ್ಚಾಗಿದ್ದುದರಿಂದಲೇ ಅದನ್ನು ಯಾರಾದರೂ ಮತ್ತೆ ಮಾಡಿ ನೋಡಲು ಸಾಧ್ಯವಾಯಿತು.

ಯಂತ್ರಗಳು ಬಂದಾಗ ಇನ್ನೊಂದು ಭಯ ಹುಟ್ಟಿತು. ಕಂಪ್ಯೂಟರ್ ಒಂದು ಸಂಖ್ಯೆಯ ಇಷ್ಟೇ ಅಂಕಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಚೂರು ಚೂರು ಉದುರಿದರೆ ಕೊನೆಗೆ ಉಳಿಯುವುದೇನು? 1943ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞ, ಹೀಗೆ ತೆಗೆದುಹಾಕುತ್ತ ಹೋಗುವ ವಿಧಾನದಲ್ಲಿ ಒಂದೊಂದು ಸಮೀಕರಣ ಹೆಚ್ಚಿದಂತೆ ದೋಷ ನಾಲ್ಕು ಪಟ್ಟು ಬೆಳೆಯಬಹುದು ಎಂದು ಎಚ್ಚರಿಸಿದ್ದ. ಹಾಗಾದರೆ 18 ಸಮೀಕರಣಗಳಿಗೆ 11 ಅಂಕಿಗಳಷ್ಟು ನಿಖರತೆ ಮಣ್ಣುಪಾಲು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಸರಿಯಾಗಿ 18 ಸಮೀಕರಣಗಳ ಒಂದು ಲೆಕ್ಕ ಬಂತು. ಅದನ್ನು ಮೇಜಿನ ಮೇಲಿನ ಕೈಯಂತ್ರಗಳಲ್ಲಿ ಬಿಡಿಸಿದವರು ಫಾಕ್ಸ್, ಗುಡ್ವಿನ್, ಜಿಮ್ ವಿಲ್ಕಿನ್‌ಸನ್ ಮತ್ತು ಅಲನ್ ಟ್ಯೂರಿಂಗ್. ಸುಮಾರು ಎರಡು ವಾರ ಹಿಡಿಯಿತು. ಬಂದ ಉತ್ತರಗಳನ್ನು ಮೂಲ ಸಮೀಕರಣಗಳಿಗೆ ಹಾಕಿ ನೋಡಿದರೆ ಅವು ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ ಹೊಂದಿಕೊಂಡವು. ಟ್ಯೂರಿಂಗ್ 1948ರಲ್ಲಿ ಈ ಬಗ್ಗೆ ಪ್ರಬಂಧ ಬರೆದ. ವಿಲ್ಕಿನ್‌ಸನ್ ಮುಂದೆ ಜೀವನವಿಡೀ ಇದರ ಬೆನ್ನು ಬಿದ್ದು, ಪ್ರಶ್ನೆಯನ್ನೇ ತಿರುವಿಹಾಕಿದ. ನಿನಗೆ ಬಂದ ಉತ್ತರ ಎಷ್ಟು ತಪ್ಪು ಎಂದು ಕೇಳಬೇಡ, ಅದು ಯಾವ ಪ್ರಶ್ನೆಗೆ ಸರಿಯಾದ ಉತ್ತರ ಎಂದು ಕೇಳು, ಆ ಪ್ರಶ್ನೆ ನಿನ್ನ ಪ್ರಶ್ನೆಗೆ ಎಷ್ಟು ಹತ್ತಿರವಿದೆ ಎಂದು ಅಳೆ ಎಂಬುದು ಅವನ ದಾರಿ. ಗಣಿತದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ತಿರುವುಗಳಲ್ಲಿ ಇದೊಂದು.

ಬುಡ ಊರಿದ ಮೇಲೆ ನನ್ನ ಪ್ರೋಗ್ರಾಮು ಯಾವ ತಕರಾರೂ ಇಲ್ಲದೆ ಉತ್ತರ ಕೊಟ್ಟಿತು. ಗಾಳಿಗೆ ಮರದ ತುದಿ ಸರಿಯುವುದು ಅರ್ಧ ಇಂಚು. ಅಜ್ಜಿಗೆ ಹೇಳಿದೆ, ಅಜ್ಜಿಗೆ ಸಂತೋಷವಾಯಿತು. ಅಪ್ಪ ಹಿತ್ತಿಲ ಕಡೆ ನೋಡಿ ಹೇಳಿದರು: "ಅರ್ಧ ಇಂಚಾ? ಕಾಗೆ ಕೂತ್ರೂ ಅದಕ್ಕಿಂತ ಜಾಸ್ತಿ ಅಳ್ಳಾಡ್ತೈತೆ."

ನೋಡಿದರೆ ಹೌದು. ಆಷಾಢದ ಗಾಳಿಗೆ ಗರಿಗಳೆಲ್ಲ ಒಂದೇ ಕಡೆ ಬಾಚಿಕೊಂಡು ಮರ ತೂಗಾಡುತ್ತಿತ್ತು. ಒಂದು ಅಡಿಗೆ ಕಡಿಮೆಯೇನಲ್ಲ. ಕೆಂಪು ಅಕ್ಷರವಿಲ್ಲ, ಎಚ್ಚರಿಕೆಯಿಲ್ಲ, ಉತ್ತರ ಮಾತ್ರ ಇಪ್ಪತ್ತು ಪಟ್ಟು ತಪ್ಪು. ಒಳ್ಳೆಯ ಸಾಲ್ವರ್ ಒಂದು ತಪ್ಪು ಮಾದರಿಯನ್ನು ಎಷ್ಟು ಅಚ್ಚುಕಟ್ಟಾಗಿ ಬಿಡಿಸಿಕೊಡುತ್ತದೆಂದರೆ, ಅಪ್ಪ ಜಗಲಿಯಲ್ಲಿ ಕುಳಿತಿಲ್ಲದಿದ್ದರೆ ನಾನು ಆ ಸಂಖ್ಯೆಯನ್ನು ನಂಬುತ್ತಿದ್ದೆ.

ಎರಡು ದಿನ ಹುಡುಕಿದೆ. ಗಾಳಿಯ ಬಲ ಸರಿಯಿತ್ತು, ಕಾಂಡದ ದಪ್ಪ ಸರಿಯಿತ್ತು. ಕಂಬವೊಂದು ಎರಡು ರೀತಿಯಲ್ಲಿ ಆಕಾರ ಬದಲಿಸಬಹುದು. ಒಂದು ಬಾಗುವುದು. ಇನ್ನೊಂದು, ಎಲೆಕಟ್ಟಿನ ಒಂದು ಎಲೆ ಇನ್ನೊಂದರ ಮೇಲೆ ಜಾರುವಂತೆ ಅಡ್ಡಡ್ಡ ಜಾರುವುದು. ಉದ್ದನೆಯ ತೆಳ್ಳಗಿನ ಕಂಬದಲ್ಲಿ ಜಾರುವುದು ನಗಣ್ಯ, ಎಲ್ಲವೂ ಬಾಗುವುದೇ. ಜಾರುವಿಕೆಗೆ ನಾನು ಉಕ್ಕಿಗೆ ಹೊಂದುವ ಅನುಪಾತವನ್ನೇ ಹಾಕಿ ಬಿಟ್ಟಿದ್ದೆ. ಮರ ತನ್ನ ನಾರಿನ ಗುಂಟ ಸುಲಭವಾಗಿ ಜಾರುತ್ತದೆ ಎಂದು ನೆನಪಾಗಿ ಮರಕ್ಕೆ ಹೊಂದುವಂತೆ ಬದಲಿಸಿದೆ. ಲೆಕ್ಕದ ಪ್ರಕಾರ ಉತ್ತರ ಅಷ್ಟೇನೂ ಕದಲಬಾರದು. ಅದು ಅರ್ಧ ಇಂಚಿನಿಂದ ಎರಡೂವರೆ ಇಂಚಿಗೆ ಹಾರಿತು. ಮುಖ್ಯವಲ್ಲದ ಒಂದು ಸಂಖ್ಯೆ ಉತ್ತರದ ಮೇಲೆ ಇಷ್ಟು ಅಧಿಕಾರ ಚಲಾಯಿಸುತ್ತಿದೆ ಎಂದ ತಕ್ಷಣ ನಾಚಿಕೆಯಾಯಿತು. ಈ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು. ಬಿ.ಇ. ವಿದ್ಯಾರ್ಥಿಗಳಿಗೆ ಅದರ ಪಾಠವನ್ನೂ ಮಾಡಿದ್ದೆ. ಅದನ್ನು ಬೇರಿನ ತನಕ ಬಗೆದು ತೋರಿಸಿದ ಕೆಲಸ ನಡೆದದ್ದು ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ದಿನದೊಳಗೆ ಹೋಗಬಹುದಾದ ಬೆಂಗಳೂರಿನಲ್ಲಿ.

ವಸ್ತುವನ್ನು ತುಂಡು ಮಾಡಿ ಲೆಕ್ಕ ಹಾಕುವ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂದು ಹೆಸರು. ಗಣಿತಜ್ಞ ಕೊರಾಂಟ್ 1943ರಲ್ಲೇ ತ್ರಿಕೋನಗಳಾಗಿ ಒಡೆದು ಬಿಡಿಸುವ ಉಪಾಯ ಬರೆದಿದ್ದ, ಎಂಜಿನಿಯರುಗಳು ಅದನ್ನು ಗಮನಿಸಲಿಲ್ಲ. ಬೋಯಿಂಗ್ ವಿಮಾನದ ರೆಕ್ಕೆ ಎಷ್ಟು ಬಿಗಿ ಎಂದು ತಿಳಿಯಲು ಹೊರಟ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರ ಪ್ರಬಂಧ 1956ರಲ್ಲಿ ಬಂತು. 1960ರಲ್ಲಿ ಕ್ಲಫ್ ಅದಕ್ಕೆ ಈ ಹೆಸರಿಟ್ಟ. ಅಲ್ಲಿಂದ ಹತ್ತು ವರ್ಷದಲ್ಲಿ ಅದು ವಿಮಾನ, ಸೇತುವೆ, ಅಣುಸ್ಥಾವರ ಎಲ್ಲಕ್ಕೂ ಹಬ್ಬಿತು. ಹಬ್ಬುವಾಗಲೇ ಒಂದು ವಿಚಿತ್ರ ಕಂಡುಬಂತು. ಜಾರುವಿಕೆಯನ್ನೂ ಸೇರಿಸಿಕೊಂಡ ಸರಳ ತುಂಡುಗಳಿಂದ ತೆಳ್ಳಗಿನ ತೊಲೆ, ಹಲಗೆಗಳನ್ನು ಕಟ್ಟಿದರೆ ಅವು ಬಾಗುವುದೇ ಇಲ್ಲ. ತೆಳ್ಳಗಾದಷ್ಟೂ ಮೊಂಡು. ಬೀಗ ಹಾಕಿದಂತೆ ಸೆಟೆದು ನಿಲ್ಲುವುದರಿಂದ ಇದಕ್ಕೆ ಲಾಕಿಂಗ್ ಎಂದರು. 1971ರಲ್ಲಿ ಝಿಂಕಿವಿಚ್ ಮತ್ತು ಸಂಗಡಿಗರು ಒಂದು ಮದ್ದು ಪ್ರಕಟಿಸಿದರು. ತುಂಡಿನೊಳಗಿನ ಶಕ್ತಿಯನ್ನು ಅಳೆಯುವಾಗ ಪೂರ್ತಿ ನಿಖರವಾಗಿ ಅಳೆಯಬೇಡಿ, ಬೇಕೆಂದೇ ಕಡಿಮೆ ಬಿಂದುಗಳಲ್ಲಿ ಅಳೆಯಿರಿ, ಬೀಗ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಿತು. ಅಳತೆಯಲ್ಲಿ ಕಳ್ಳತನ ಮಾಡಿದರೆ ಉತ್ತರ ಏಕೆ ಸುಧಾರಿಸಬೇಕು? ಅನೇಕರಿಗೆ ಅದು ಒಂದು ಉಪಾಯ ಮಾತ್ರವಾಗಿತ್ತು.

ಬೆಂಗಳೂರಿನ ನ್ಯಾಷನಲ್ ಏರೊನಾಟಿಕಲ್ ಲ್ಯಾಬೊರೇಟರಿ, ಎಲ್ಲರ ಬಾಯಲ್ಲಿ ಎನ್‌ಎಎಲ್, 1959ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅಲ್ಲಿನ ವಿಜ್ಞಾನಿ ಗಂಗನ್ ಪ್ರತಾಪ್ ಮತ್ತು ಜಿ. ಆರ್. ಭಾಷ್ಯಂ 1982ರಲ್ಲಿ ಈ 'ಏಕೆ'ಗೆ ಉತ್ತರ ಬರೆದರು. ಅವರು ತೆಗೆದುಕೊಂಡದ್ದು ಅತ್ಯಂತ ಬಡ ತುಂಡು, ಎರಡು ತುದಿಗಳ ತೊಲೆ. ನನ್ನ ಮರಕ್ಕೆ ನಾನು ಬಳಸಿದ್ದೂ ಅದನ್ನೇ.

ಬೀಜಗಣಿತ ಬಿಟ್ಟು ಹೇಳಲು ಪ್ರಯತ್ನಿಸುತ್ತೇನೆ. ತುಂಡಿನೊಳಗೆ ಎರಡು ಸಂಗತಿಗಳನ್ನು ಊಹಿಸಿಕೊಳ್ಳುತ್ತೇವೆ. ತೊಲೆಯ ಗೆರೆ ಎಷ್ಟು ಸರಿಯಿತು ಎಂಬುದು ಒಂದು, ಅದರ ಅಡ್ಡಕೊಯ್ತ ಎಷ್ಟು ತಿರುಗಿತು ಎಂಬುದು ಇನ್ನೊಂದು. ಎರಡನ್ನೂ ಸರಳರೇಖೆಯಂತೆ ಬದಲಾಗಲು ಬಿಡುತ್ತೇವೆ. ಗೆರೆಯ ಓರೆಗೂ ಕೊಯ್ತದ ತಿರುವಿಗೂ ಇರುವ ವ್ಯತ್ಯಾಸವೇ ಜಾರುವಿಕೆ. ಸರಳರೇಖೆಯ ಓರೆ ಉದ್ದಕ್ಕೂ ಒಂದೇ, ಆದರೆ ತಿರುವು ಉದ್ದಕ್ಕೂ ಬದಲಾಗುತ್ತ ಹೋಗುತ್ತದೆ. ಒಂದೇ ಇರುವುದೂ ಬದಲಾಗುತ್ತ ಹೋಗುವುದೂ ಎಲ್ಲ ಬಿಂದುಗಳಲ್ಲೂ ಸರಿಸಮವಾಗುವುದು ಹೇಗೆ? ತಿರುವು ಬದಲಾಗುವುದನ್ನೇ ನಿಲ್ಲಿಸಿದರೆ ಮಾತ್ರ. ತಿರುವು ಬದಲಾಗದಿರುವುದು ಎಂದರೆ ಬಾಗದಿರುವುದು. ತೆಳ್ಳಗಿನ ತೊಲೆಯಲ್ಲಿ ಜಾರುವಿಕೆ ಸೊನ್ನೆಯಾಗಲಿ ಎಂದು ನಾವು ಕೇಳಿದ್ದೆವು. ತುಂಡು ಆ ಆಜ್ಞೆಯನ್ನು ಪಾಲಿಸಲು ಬಾಗುವುದನ್ನೇ ಬಿಟ್ಟಿತು. ಇಂಥ ಹುಸಿ ಕಟ್ಟುಪಾಡನ್ನು ಬೇರ್ಪಡಿಸಿ ತೆಗೆದು, ಎರಡೂ ಕಡೆ ಸಮನಾಗಿ ಬದಲಾಗುವ ಭಾಗಗಳನ್ನಷ್ಟೇ ಉಳಿಸಿಕೊಳ್ಳಬೇಕು ಎಂಬುದು ಪ್ರತಾಪ್ ಅವರ ಚಿಂತನೆಯ ತಿರುಳು. ಅವರು ಅದನ್ನು ಫೀಲ್ಡ್ ಕನ್ಸಿಸ್ಟೆನ್ಸಿ ಎಂದು ಕರೆದರು. ಕಡಿಮೆ ಬಿಂದುಗಳಲ್ಲಿ ಅಳೆದಾಗ ನಿಜವಾಗಿ ಆಗುತ್ತಿದ್ದದ್ದೂ ಇದೇ. ನಡುಮಧ್ಯದ ಒಂದೇ ಬಿಂದುವಿನಲ್ಲಿ ನೋಡಿದರೆ ಆ ಹುಸಿ ಭಾಗ ಕಣ್ಣಿಗೇ ಬೀಳುವುದಿಲ್ಲ. ಕಳ್ಳತನ ಎಂದುಕೊಂಡದ್ದಕ್ಕೆ ನ್ಯಾಯವಾದ ಕಾರಣವಿತ್ತು.

ಅವರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಬೀಗ ಎಷ್ಟು ಬಿಗಿ ಎಂಬುದನ್ನು ಅವರು ಮೊದಲೇ ಹೇಳಬಲ್ಲವರಾದರು. ತುಂಡಿನ ಉದ್ದ ಮತ್ತು ತೊಲೆಯ ದಪ್ಪದ ಅನುಪಾತದ ವರ್ಗಕ್ಕೆ ತಕ್ಕಂತೆ ಹುಸಿ ಬಿಗಿತ ಏರುತ್ತದೆ. ಆ ಸೂತ್ರಕ್ಕೆ ನನ್ನ ಮರದ ಅಂಕಿಗಳನ್ನು ಹಾಕಿದೆ: ಉಕ್ಕಿನ ಅನುಪಾತವಾದರೆ 21 ಪಟ್ಟು, ಮರದ ಅನುಪಾತವಾದರೆ ನಾಲ್ಕೂವರೆ ಪಟ್ಟು. ಜಗಲಿಯಲ್ಲಿ ನನಗೆ ಬಂದಿದ್ದ ಎರಡೂ ತಪ್ಪು ಉತ್ತರಗಳು ಅಲ್ಲಿ ಸಾಲಾಗಿ ನಿಂತಿದ್ದವು. ತುಂಡುಗಳನ್ನು ಹೆಚ್ಚಿಸಿ ನೋಡಿದೆ. 10 ತುಂಡಿಗೆ ಎರಡೂವರೆ ಇಂಚು ಇದ್ದದ್ದು 20ಕ್ಕೆ ಆರು ಇಂಚಾಯಿತು, 40ಕ್ಕೆ ಹತ್ತರ ಹತ್ತಿರ ಬಂತು. ಒಂದೇ ಬಿಂದುವಿನಲ್ಲಿ ಅಳೆಯುವಂತೆ ಒಂದು ಸಾಲು ತಿದ್ದಿದಾಗ 10 ತುಂಡಿಗೇ 12 ಇಂಚು. ವಿಲ್ಕಿನ್‌ಸನ್ ಹೇಳಿದಂತೆ ನನ್ನ ಅರ್ಧ ಇಂಚು ಸುಳ್ಳಲ್ಲ, ಇಪ್ಪತ್ತೊಂದು ಪಟ್ಟು ಬಿರುಸಾದ ಬೇರೊಂದು ಮರದ ಸರಿಯಾದ ಉತ್ತರ.

ಪ್ರತಾಪ್ ಅವರಿಗೆ 1990ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು, 1993ರಲ್ಲಿ ಈ ಚಿಂತನೆಯನ್ನೆಲ್ಲ ಒಟ್ಟುಗೂಡಿಸಿದ ಪುಸ್ತಕ ಹೊರಬಂತು. ಇವತ್ತಿನ ಸಾಫ್ಟ್‌ವೇರುಗಳಲ್ಲಿ ಇಂಥ ಮದ್ದುಗಳು ಮೊದಲೇ ಬೆರೆತಿರುತ್ತವೆ. ಹಾಗಾಗಿ ಬಳಸುವವರಿಗೆ ಕಾಯಿಲೆಯ ನೆನಪೇ ಇಲ್ಲ. ನನಗೂ ಇರಲಿಲ್ಲ.

ಎನ್‌ಎಎಲ್‌ನಲ್ಲಿ ಅದೇ ದಶಕದಲ್ಲಿ ಇನ್ನೊಂದು ಕೆಲಸ ನಡೆಯಿತು, ಅದರ ಹೆಸರಿನಲ್ಲೇ ಸಾಲ್ವರ್ ಇದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ಯು. ಎನ್. ಸಿನ್ಹಾ ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿತು. ಹಲವು ಪ್ರೊಸೆಸರ್‌ಗಳು ಕೆಲಸ ಹಂಚಿಕೊಂಡು ಒಟ್ಟಿಗೆ ಲೆಕ್ಕ ಮಾಡುವ ಸಮಾಂತರ ಕಂಪ್ಯೂಟರ್, ಭಾರತದಲ್ಲಿ ಮೊದಲನೆಯದು. ಪುಣೆಯ ಪರಮ್ ಬಂದದ್ದು 1991ರಲ್ಲಿ. ವಿಮಾನದ ಸುತ್ತ ಹರಿಯುವ ಗಾಳಿಯ ಸಮೀಕರಣ ಬಿಡಿಸಲು ಕಟ್ಟಿದ ಅದರ ಮೇಲೆ ಮುಂದೆ ಮುಂಗಾರಿನ ಲೆಕ್ಕವನ್ನೂ ಓಡಿಸಿದರು. ಸಾಹಿತ್ಯದ ಓದುಗರಿಗೆ ಇಲ್ಲೊಂದು ಮಾತು. ನರಸಿಂಹ ಅವರ ತಂದೆ ಆರ್. ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನವರು, 'ಜಗತ್ತುಗಳ ಹುಟ್ಟು ಸಾವು' ಬರೆದವರು. ನಕ್ಷತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯಬಹುದಾದರೆ ಸಾಲ್ವರ್ ಬಗ್ಗೆ ಏಕಾಗದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಕೆಲಸ ಹಂಚಿಕೊಂಡು ಮಾಡುವ ಯಂತ್ರಗಳಲ್ಲಿ ಒಂದು ಹೊಸ ತೊಡಕು ಇದೆ. ಮೂರೇ ಅಂಕಿ ನೆನಪಿಡಬಲ್ಲ ಒಬ್ಬ ಗುಮಾಸ್ತ ತೆಂಗಿನಕಾಯಿ ಎಣಿಸುತ್ತಿದ್ದಾನೆಂದುಕೊಳ್ಳಿ. ರಾಶಿಯಲ್ಲಿ 1000 ಇದೆ, 4 ಬಂತು. 1004ನ್ನು ಅವನು 1000 ಎಂದೇ ಬರೆದುಕೊಳ್ಳುತ್ತಾನೆ. ಇನ್ನೊಂದು 4 ಬಂದರೂ 1000. ಆದರೆ ಆ ನಾಲ್ಕೂ ನಾಲ್ಕೂ ಮೊದಲೇ ಸೇರಿ 8 ಆಗಿ ಬಂದರೆ 1008ನ್ನು 1010 ಎಂದು ಬರೆಯುತ್ತಾನೆ. ಕಾಯಿ ಅಷ್ಟೇ, ಕೂಡಿಸಿದ ಕ್ರಮ ಬೇರೆ, ಮೊತ್ತ ಬೇರೆ. ನಾಲ್ಕು ಪ್ರೊಸೆಸರ್‌ಗಳಿಗೆ ಹಂಚಿದ ಲೆಕ್ಕವನ್ನು ಎಂಟಕ್ಕೆ ಹಂಚಿದರೆ ಉತ್ತರದ ಬಾಲದ ಅಂಕಿಗಳು ಬದಲಾಗುವುದು ಹೀಗೆ. ತೊಲೆಯ ಲೆಕ್ಕದಲ್ಲಿ ಇದು ಯಾರಿಗೂ ತಾಗುವುದಿಲ್ಲ. ಮುಂಗಾರಿನ ಲೆಕ್ಕದಲ್ಲಿ ದಿನಗಳು ಕಳೆದಂತೆ ಬಾಲದ ಅಂಕಿ ತಲೆಗೇರುತ್ತದೆ.

ಇನ್ನು ಸಾಲ್ವರ್ ಒಮ್ಮತಕ್ಕೆ ಬರದೆ ಒದ್ದಾಡುವ ಬಗೆಯೂ ಉಂಟು. ಊಹೆ ಮಾಡಿ, ಎಷ್ಟು ತಪ್ಪಿದೆ ನೋಡಿ, ತಿದ್ದಿ, ಮತ್ತೆ ನೋಡುವ ನ್ಯೂಟನ್ನನ ಮಾರ್ಗ ಮೆಲ್ಲಗೆ ಬದಲಾಗುವ ಕಡೆ ಸಲೀಸು. ಮಳೆಗಾಳಿಯಲ್ಲಿ ಕೊಡೆ ಪಟ್ಟನೆ ಉಲ್ಟಾ ಆಗುತ್ತದಲ್ಲ, ಅಂಥ ಕಡೆ ಅದು ದಾರಿ ತಪ್ಪುತ್ತದೆ. ನಮ್ಮ ಪಕ್ಕದ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದ ಸೈಫನ್ ಇನ್ನೊಂದು ಉದಾಹರಣೆ. ನೀರು ತುಂಬು ಮಟ್ಟ ಮುಟ್ಟುವವರೆಗೆ ಸುಮ್ಮನಿದ್ದು, ಮುಟ್ಟಿದೊಡನೆ ಯಾರೂ ಬಾಗಿಲು ಎತ್ತದೆ ತಾನಾಗಿ ನೀರು ಹೊರಹಾಕುತ್ತದೆ. ಚಿಕ್ಕವರಿದ್ದಾಗ ಕೋಡಿ ನೋಡಲು ಹೋಗುತ್ತಿದ್ದೆವು. ಈಗ ಅದನ್ನು ನೋಡಿದರೆ, ಸುಮ್ಮನಿದ್ದ ನೀರು ಧುಮ್ಮಿಕ್ಕುವ ಆ ಗಳಿಗೆಯಲ್ಲಿ ಎಷ್ಟು ಸಾಲ್ವರ್‌ಗಳು ಕೈಚೆಲ್ಲುತ್ತವೋ ಎಂದು ಯೋಚನೆ ಬರುತ್ತದೆ. ಮದ್ದು ಇದೆ: ಭಾರವನ್ನು ಒಮ್ಮೆಲೇ ಹೇರದೆ ಸಣ್ಣ ಸಣ್ಣ ಕಂತುಗಳಲ್ಲಿ ಹೇರುವುದು. ಅದೂ ಸಾಲದಾದಾಗ 1970ರ ದಶಕದಲ್ಲಿ ರಿಕ್ಸ್ ಮುಂತಾದವರು ಹಾಕಿಕೊಟ್ಟಂತೆ, ಭಾರವನ್ನು ಹಿಡಿದು ನಡೆಯದೆ ಭಾರ-ಬಾಗುಗಳ ವಕ್ರರೇಖೆಯ ಗುಂಟವೇ ಹೆಜ್ಜೆಯಿಡುವುದು. ಈ ಬಗೆಯ ದೋಷ ನನಗೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಅದು ಕೂಗಿ ಹೇಳುತ್ತದೆ.

ಕೂಗದ ದೋಷ ಏನು ಮಾಡಬಲ್ಲದೆಂದು ನಾರ್ವೆಯಲ್ಲಿ ನಡೆದದ್ದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಾರೆ. ಸಮುದ್ರದ ತೈಲಬಾವಿಗೆಂದು ಕಟ್ಟಿದ ಸ್ಲೈಪ್ನರ್ ಎ ಎಂಬ ದೈತ್ಯ ಕಾಂಕ್ರೀಟ್ ಬುಡವನ್ನು 1991ರ ಆಗಸ್ಟ್ 23ರಂದು ಸ್ಟವಾಂಗರ್ ಬಳಿಯ ಖಾರಿಯಲ್ಲಿ ಪರೀಕ್ಷೆಗಾಗಿ ಮುಳುಗಿಸುತ್ತಿದ್ದಾಗ ಗೋಡೆ ಬಿರಿದು ನೀರು ನುಗ್ಗಿತು. ಇಡೀ ಬುಡ ತಳಕ್ಕೆ ಹೋಗಿ ಪುಡಿಯಾಯಿತು. ತಳಕ್ಕೆ ಬಡಿದ ಹೊಡೆತ ಭೂಕಂಪಮಾಪಕದಲ್ಲಿ 3ರಷ್ಟು ದಾಖಲಾಯಿತು. ಜೀವಹಾನಿ ಆಗಲಿಲ್ಲ, ನಷ್ಟ 70 ಕೋಟಿ ಡಾಲರಿನಷ್ಟು. ತನಿಖೆಯಲ್ಲಿ ಕಂಡದ್ದು, ಗೋಡೆಗಳು ಕೂಡುವ ಮೂಲೆಯಲ್ಲಿ ತುಂಡುಗಳನ್ನು ಒರಟಾಗಿ, ಓರೆಯಾಗಿ ಮಾಡಿದ್ದರಿಂದ ಅಡ್ಡಕತ್ತರಿಸುವ ಬಲ ಶೇ 47ರಷ್ಟು ಕಡಿಮೆ ತೋರಿತ್ತು. ಅದನ್ನು ನಂಬಿ ಗೋಡೆ ತೆಳುವಾಗಿತ್ತು, ಒಳಗಿನ ಕಬ್ಬಿಣವೂ ಸಾಲದಾಗಿತ್ತು. ಆಮೇಲೆ ಸರಿಯಾಗಿ ತುಂಡು ಮಾಡಿ ಬಿಡಿಸಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ಒಡೆದದ್ದು 65ರಲ್ಲಿ. ಅಂದರೆ ವಿಧಾನಕ್ಕೆ ಉತ್ತರ ಗೊತ್ತಿತ್ತು.

ಮರದ ವಿಷಯಕ್ಕೆ ಬರುತ್ತೇನೆ. 12 ಇಂಚು ಬಾಗುವ ಕಾಂಡ ಮುರಿಯುವುದಿಲ್ಲ, ತೆಂಗಿಗೆ ಅದು ಲೆಕ್ಕಕ್ಕಿಲ್ಲ. ಈ ಸಲ ಅಪ್ಪನೂ ಸಂಖ್ಯೆಯನ್ನು ಒಪ್ಪಿದರು. ಅಜ್ಜಿ ಗೆದ್ದರು. ಆ ವಾರ ಕಾಯಿ ಕೀಳಲು ಬಂದವರಿಗೆ ಅಜ್ಜಿ ಖುಷಿಯಿಂದ ಕಾಫಿ ಕೊಟ್ಟು ಸುದ್ದಿ ಹೇಳಿದರು. ಅವರು ಲೋಟ ಕೆಳಗಿಟ್ಟು ಮರದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಮಚ್ಚಿನ ತುದಿಯಿಂದ ಮಣ್ಣು ಕೆದಕಿದರು. ಬುಡದಲ್ಲಿ ಕಂದು ರಸ ಸೋರಿ ಒಣಗಿತ್ತು. ಹಿಂಬದಿಯಲ್ಲಿ, ಕಸದ ಗುಡ್ಡೆಯ ಮರೆಯಲ್ಲಿ, ಅಂಗೈಯಷ್ಟು ಅಣಬೆ ಎದ್ದಿತ್ತು. ನಮ್ಮ ಕಡೆ ಅಣಬೆ ರೋಗ ಎನ್ನುತ್ತಾರೆ, ಬೇರನ್ನು ಒಳಗಿನಿಂದ ತಿನ್ನುತ್ತದೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ಹಾಗೇ ಕಿತ್ತು ಬಂತು.

"ಇದು ನಿಂತಿರಾದೇ ಹೆಚ್ಚು ಕಣಜ್ಜಿ" ಎಂದರು.

ನನ್ನ ಪ್ರೋಗ್ರಾಮಿನಲ್ಲಿ ಆ ಸಾಲು ಇನ್ನೂ ಇತ್ತು: ಬುಡ ಸ್ಥಿರ. ಕೆಂಪು ಅಕ್ಷರ ಹೋಗಲಿ ಎಂದು ಬರೆದದ್ದು. ಅದು ಮರದ ಬಗ್ಗೆ ಮಾಡಿದ ಹೇಳಿಕೆ ಎಂದು ಆಗ ನನಗೆ ಹೊಳೆದಿರಲಿಲ್ಲ. ನಾನು ಎರಡು ದಿನ ಹುಡುಕಿದ್ದೆಲ್ಲ ಆ ಸಾಲಿನ ಕೆಳಗೆ, ಆ ಸಾಲನ್ನಲ್ಲ.

ಮುಂದಿನ ಮಂಗಳವಾರ ಕಳೆದು ಬುಧವಾರ ಮರ ತೆಗೆಸಿದೆವು. ತುದಿಗೆ ಹಗ್ಗ ಕಟ್ಟಿ ಹೊಲದ ಕಡೆಗೆ ಎಳೆದು ಬೀಳಿಸಿದರು, ಅಟ್ಟಕ್ಕೆ ಗರಿಯೂ ತಾಗಲಿಲ್ಲ. ಅಜ್ಜಿ ಹೊರಗೆ ಬರಲಿಲ್ಲ. ಸಂಜೆ ಬಂದು ಸುಳಿ ತೆಗೆಸಿ ಅಕ್ಕಪಕ್ಕದ ಮಕ್ಕಳಿಗೆಲ್ಲ ಹಂಚಿದರು. ಎಲ್ಲರೂ ಹೋದ ಮೇಲೆ ನಾನು ಟೇಪು ಹಿಡಿದು ಬಿದ್ದ ಮರದ ಉದ್ದ ಅಳೆದೆ. 58 ಅಡಿ.